ನಾಯಿಯ ಮಾತ್ರೆ, ಅಪ್ಪನ ಕುದುರೆ

ಅಕ್ತೋಶ್ ಎಂಬ ನಾಯಿ ಬೆಳಗಿನ ಚಹಾ ಮುಗಿಯುವುದರೊಳಗೆ ಮೂರು ಸಲ ಕಕ್ಕಿತು. ಮೊದಲನೆಯದು ಹೊಸಿಲ ಮೇಲೆ. ಎರಡನೆಯದು ಬಿಸಿಲಿಗೆ ಹರಡಿದ್ದ ಕಂಬಳಿಯ ಮೇಲೆ. ಮೂರನೆಯದು ಶಾರ್ಶೆನ್‌ನ ಅಣ್ಣ ಬೈಶೆನ್‌ನ ಹೊಸ ಬೂಟಿನೊಳಗೆ. ಮೊದಲೆರಡಕ್ಕೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಬೂಟಿಗೆ ಬಂದಾಗ ಪಶುವೈದ್ಯೆಯನ್ನು ಕರೆಸಬೇಕಾಯಿತು.

"ನಾಳೆ ಅಪ್ಪನ ವರ್ಷದ ಊಟ. ನಾಲ್ಕು ಊರಿನ ಜನ ಬರ್ತಾರೆ. ನಾನು ಬರಿಗಾಲಲ್ಲಿ ನಿಂತು ಕೈ ಮುಗೀಲಾ?" ಎಂದು ಬೈಶೆನ್ ಒಂದೇ ಬೂಟಿನಲ್ಲಿ ಕುಂಟುತ್ತ ಕೂಗಾಡಿದ. "ಒಂದು ನಾಯಿ ಸಾಕೋಕೆ ಬರಲ್ಲ ನಿನಗೆ. ಒಂದು ಚಾಟಿ ಕಾಯೋಕೆ ಬರಲ್ಲ. ಐವತ್ತು ವರ್ಷ ಏನು ಕಲಿತೆಯೋ?"

ಚಾಟಿ ಕಳೆದದ್ದು ನಿಜ. ಸತ್ತ ತಂದೆಯ ಜೀನಿನ ಪಕ್ಕದಲ್ಲಿ ವರ್ಷವಿಡೀ ತೂಗಿದ್ದ ಚಾಟಿ ಮೊನ್ನೆ ಇದ್ದಕ್ಕಿದ್ದಂತೆ ಬರೀ ಹಿಡಿಯಾಗಿತ್ತು. ತೊಗಲಿನ ಎಳೆ ಮಾಯ. ನಾಳೆ ಜೀನಿನ ಮೇಲೆ ಅದನ್ನಿಟ್ಟು ಎಲ್ಲರಿಗೂ ತೋರಿಸಬೇಕಿತ್ತು.

"ಇಲಿ ತಿಂದಿರ್ಬೇಕು," ಎಂದಳು ಶಾರ್ಶೆನ್‌ನ ಹೆಂಡತಿ ಅನಿಪಾ.

"ಎಷ್ಟು ದೊಡ್ಡ ಇಲಿ? ಕತ್ತೆ ಗಾತ್ರದ್ದಾ?" ಎಂದ ಬೈಶೆನ್.

ಬೈಗುಳ ಶಾರ್ಶೆನ್‌ನ ಮೇಲೆ ಬಂಡೆಯ ಮೇಲಿನ ಮಳೆಯಂತೆ ಹರಿದು ಹೋಗುತ್ತಿತ್ತು. ಅವನ ಕಣ್ಣು ಅಂಗಳದ ಕೊನೆಯಲ್ಲಿ ಗೂಟಕ್ಕೆ ಕಟ್ಟಿದ್ದ ಕಂದು ಕುದುರೆಯ ಮೇಲಿತ್ತು. ಅದರ ಹೆಸರು ಜೀರ್ದೆ. ಮಧ್ಯಾಹ್ನದ ನಮಾಜು ಮುಗಿದ ಮೇಲೆ ಅದನ್ನು ಕೊಯ್ಯುವವರಿದ್ದರು.

ನಮ್ಮಲ್ಲಿ ಅದು ಹಾಗೆಯೇ. ಮನೆಯ ಹಿರಿಯ ಸತ್ತರೆ ಅವನ ಸವಾರಿಯ ಕುದುರೆಯ ಕತ್ತಿನ ಕೂದಲು, ಬಾಲದ ಕೂದಲು ಕತ್ತರಿಸುತ್ತೇವೆ. ವರ್ಷವಿಡೀ ಅದರ ಮೇಲೆ ಯಾರೂ ಹತ್ತುವುದಿಲ್ಲ. ಅದೂ ಮನೆಯವರ ಜೊತೆ ದುಃಖದಲ್ಲಿರಬೇಕು. ವರ್ಷದ ಊಟಕ್ಕೆ ಅದನ್ನೇ ಕೊಯ್ದು ಬಂದವರಿಗೆ ಬಡಿಸುತ್ತೇವೆ. ಇದು ಸರಿಯೇ ಎಂದು ಯಾರೂ ಯಾರನ್ನೂ ಕೇಳಿಲ್ಲ. ಕುದುರೆಯನ್ನಂತೂ ಕೇಳಿಯೇ ಇಲ್ಲ.

ಕೇಳಬೇಕೆಂದು ಶಾರ್ಶೆನ್‌ಗೂ ಮೊದಲು ಅನಿಸಿರಲಿಲ್ಲ. ಕಿರಿಯ ಮಗನಾದ್ದರಿಂದ ಅದಕ್ಕೆ ಹುಲ್ಲು ಹಾಕುವ, ಅದನ್ನು ಹೊಳೆಗೆ ನಡೆಸುವ ಕೆಲಸ ಅವನ ಪಾಲಿಗೆ ಬಂತು. ಮೊದಲ ದಿನ ಹೊಳೆಯ ದಾರಿಯ ಪೋಪ್ಲರ್ ಮರದ ಕೆಳಗೆ ಜೀರ್ದೆ ತಾನಾಗಿಯೇ ನಿಂತಿತು. ಎಳೆದರೂ ಬರಲಿಲ್ಲ. ಒಂದು ಸಿಗರೇಟು ಸೇದುವಷ್ಟು ಹೊತ್ತು ನಿಂತು ಮತ್ತೆ ನಡೆಯಿತು. ಆಗ ಅವನಿಗೆ ನೆನಪಾಯಿತು, ಅಪ್ಪ ದಿನಾ ಅಲ್ಲಿ ಸಿಗರೇಟು ಹಚ್ಚುತ್ತಿದ್ದ. ಮುಂದೆ ಅದು ಚಹಾದಂಗಡಿಯ ಮುಂದೆ ನಿಂತಿತು. ಅಪ್ಪ ಅಲ್ಲಿ ಅಂಗಡಿಯವನನ್ನು ಬೈಯುತ್ತಿದ್ದ. ಆಮೇಲೆ ಹಳ್ಳದಾಚೆಗೆ, ಜುರಾಕಾನ್ ಎಂಬ ವಿಧವೆಯ ಗೇಟಿನ ಮುಂದೆ ನಿಂತಿತು. ಅಲ್ಲಿ ಬಹಳ ಹೊತ್ತು ನಿಂತಿತು. ಶಾರ್ಶೆನ್ ಸುತ್ತ ನೋಡಿದ. ಯಾರೂ ಇರಲಿಲ್ಲ. ಯಾರಿಗೂ ಹೇಳಲಿಲ್ಲ.

ಹೀಗೆ ಒಂದು ವರ್ಷ ಅವನು ಕುದುರೆಯ ಹಗ್ಗ ಹಿಡಿದು ಅಪ್ಪನ ದಿನಚರಿಯ ಹಿಂದೆ ನಡೆದ. ಬದುಕಿದ್ದಾಗ ಅಪ್ಪ ಅವನೊಡನೆ ಹತ್ತು ಮಾತು ಆಡಿದವನಲ್ಲ. ಈಗ ಅವನ ಬಗ್ಗೆ ಎಲ್ಲ ಬಲ್ಲದ್ದು ಈ ಪ್ರಾಣಿಯೊಂದೇ. ಅದನ್ನೂ ಇವತ್ತು ಕೊಯ್ದು ಬೇಯಿಸುತ್ತಾರೆ.

ಪಶುವೈದ್ಯೆ ಬುರುಲ್ ಬಂದಳು. ನಲವತ್ತು ದಾಟಿದ ಗಟ್ಟಿ ಹೆಂಗಸು. ಹೋರಿಗೂ ಹೋರಿಯ ಯಜಮಾನನಿಗೂ ಒಂದೇ ದನಿಯಲ್ಲಿ ಗದರುವವಳು. ನಾಯಿಯ ಹೊಟ್ಟೆ ಒತ್ತಿ ನೋಡಿದಳು, ಒಸಡು ನೋಡಿದಳು.

"ಏನು ತಿಂದಿದೆ?"

"ಎಲುಬು, ಕರುಳು, ಪಕ್ಕದ ಮನೆ ಕೋಳಿ..." ಎಂದ ಶಾರ್ಶೆನ್.

"ಕೈಗೆ ಏನೂ ಸಿಗ್ತಾ ಇಲ್ಲ. ಆದ್ರೆ ನನ್ನ ಬೆರಳಿಗೇನು ಕಣ್ಣಿಲ್ಲ," ಎಂದಳು ಬುರುಲ್. ಚೀಲದಿಂದ ಹತ್ತರ ಎರಡು ಪಟ್ಟಿ ಮಾತ್ರೆ ತೆಗೆದಳು. "ಇದು ವಾಂತಿ ನಿಲ್ಸೋ ಮಾತ್ರೆ. ಈಗ್ಲೇ ಹಾಕ್ಬೇಡ. ಸಂಜೆವರೆಗೂ ಹೊಟ್ಟೆ ಖಾಲಿ ಬಿಡು. ಒಳಗೆ ಏನಾದ್ರೂ ಸಿಕ್ಕೊಂಡಿದ್ರೆ ಅದೇ ಕಕ್ಕಿ ಹೊರಗೆ ಹಾಕ್ಲಿ. ಸಂಜೆ ನಾನೇ ನೋಡ್ತೀನಿ, ಎಲ್ಲಾ ಸರಿ ಇದ್ರೆ ಅರ್ಧ ಮಾತ್ರೆ. ಅರ್ಧ, ಗೊತ್ತಾಯ್ತಾ? ಇದು ವಾಂತಿ ನಿಲ್ಸುತ್ತೆ ಅಷ್ಟೇ, ವಾಂತಿ ಯಾಕೆ ಬಂತೋ ಅದನ್ನ ನಿಲ್ಸಲ್ಲ. ಕಾರಣ ಒಳಗೇ ಕೂತಿರುತ್ತೆ."

"ಕುರಿಗೂ ಹಾಕ್ಬಹುದಾ ಅಕ್ಕ?" ಎಂದು ಬೇಲಿಯ ಮೇಲಿಂದ ಕೇಳಿದ್ದು ನೆರೆಮನೆಯ ಜೋಲ್ಚು. ಅವನ ತಲೆ ಬೇಲಿಯ ಮೇಲೆ ಹಗಲಿಡೀ ಮಡಕೆಯಂತೆ ಕೂತಿರುತ್ತಿತ್ತು.

"ನೀನು ಸುಮ್ನಿರು! ನಾಯಿದು ನಾಯಿಗೆ. ಮಗಳ ಮದುವೆ ಟಗರಿಗೆ ಕೈಗೆ ಸಿಕ್ಕಿದ್ದೆಲ್ಲ ಚುಚ್ಚಿದ್ದು ಮರೆತ್ಯಾ? ಔಷಧಿ ಹೋದ ಪ್ರಾಣಿನ ಕೊಯ್ಯಬಾರದು ಅಂತ ನಾನೇ ಕಾಗದ ಬರೆದುಕೊಟ್ಟೆ. ಮದುವೆ ದಿನ ಆ ಟಗರು ಗಂಡಿನ ಪಕ್ಕ ನಿಂತು ಮೇಯ್ತಾ ಇತ್ತು."

ಎಲ್ಲರೂ ನಕ್ಕರು. ಶಾರ್ಶೆನ್ ನಗಲಿಲ್ಲ. ಔಷಧಿ ಹೋದ ಪ್ರಾಣಿಯನ್ನು ಕೊಯ್ಯಬಾರದು. ಈ ಮಾತು ಅವನ ತಲೆಯೊಳಗೆ ಹೊಕ್ಕು ಬಾಗಿಲು ಹಾಕಿಕೊಂಡಿತು.

ಔಷಧಿ ಹಾಕಿದೆ ಎಂದು ಬರೀ ಸುಳ್ಳು ಹೇಳಿದ್ದರೂ ಸಾಕಿತ್ತು. ಆದರೆ ಅಪ್ಪನ ವರ್ಷದ ಊಟದ ಹಿಂದಿನ ದಿನ ಸುಳ್ಳು ಹೇಳುವ ಧೈರ್ಯ ಅವನಿಗಿರಲಿಲ್ಲ. ನಿಜವಾಗಿಯೂ ಹಾಕುವಷ್ಟು ಮೂರ್ಖತನ ಮಾತ್ರ ಧಾರಾಳವಾಗಿತ್ತು. ಅವನ ಲೆಕ್ಕ ಹೀಗಿತ್ತು: ಕುದುರೆ ಕಕ್ಕುವುದಿಲ್ಲ. ಇದು ನಮ್ಮೂರಿನ ಕೂಸಿಗೂ ಗೊತ್ತು. ಕಕ್ಕದ ಪ್ರಾಣಿಗೆ ಕಕ್ಕು ನಿಲ್ಲಿಸುವ ಮಾತ್ರೆ ಕೊಟ್ಟರೆ ಏನಾದೀತು? ಏನೂ ಆಗದು. ಬೋಳುತಲೆಯವನಿಗೆ ಬಾಚಣಿಗೆ ಕೊಟ್ಟಂತೆ. ಕುದುರೆಗೆ ನೋವಿಲ್ಲ, ಅವನಿಗೆ ಸುಳ್ಳಿಲ್ಲ, ಬುರುಲ್‌ಳ ಕಾಗದ ಸಿಗುತ್ತದೆ.

ಬುರುಲ್ ಹೋದ ಮೇಲೆ ಅವನು ಕೊಟ್ಟಿಗೆಯ ಹಿಂದೆ ಕೂತು ಇಪ್ಪತ್ತೂ ಮಾತ್ರೆಗಳನ್ನು ಕಲ್ಲಿನಲ್ಲಿ ಅರೆದ. ರೊಟ್ಟಿಯ ತಿರುಳಿಗೆ ಜೇನು ಬೆರೆಸಿ ಉಂಡೆ ಕಟ್ಟಿದ. ಅಂಗೈ ಮೇಲಿಟ್ಟು ಚಾಚಿದ. ಅಪ್ಪ ಸಕ್ಕರೆಯ ಗಡ್ಡೆ ಕೊಡುತ್ತಿದ್ದದ್ದು ಹೀಗೆಯೇ. ಜೀರ್ದೆ ಮೂಸಿಯೂ ನೋಡದೆ ತಿಂದು, ಮೆತ್ತನೆಯ ತುಟಿಯಿಂದ ಅವನ ಅಂಗೈ ಒರೆಸಿತು.

"ನಿನ್ನ ಒಳ್ಳೇದಕ್ಕೇ ಕಣೋ," ಎಂದ. ಮೋಸ ಮಾಡುವವರೆಲ್ಲ ಹೇಳುವ ಮಾತೇ ಅದು.

ಅಷ್ಟರಲ್ಲಿ ಹೊರಗೆ ಲಾರಿ ನಿಂತ ಸದ್ದಾಯಿತು. ಅನಿಪಾ ಒಳಗೋಡಿ ಹೊಸದಾಗಿ ತಂದಿದ್ದ ಬಟ್ಟೆ ಒಗೆಯುವ ಯಂತ್ರದ ಮೇಲೆ ಕೌದಿ ಹೊದಿಸಿದಳು. ಬಂದವನು ಸೋದರಳಿಯ ತಾಲಾಯ್, ಶಾರ್ಶೆನ್‌ನ ಅಕ್ಕನ ಮಗ. ಹೆದ್ದಾರಿಯಲ್ಲಿ ಊಟದ ಹೋಟೆಲ್ ಇಟ್ಟವನು. ಅವನ ಕುದುರೆ ಮಾಂಸದ ಸಾಸೇಜಿಗೆ ರಾಜಧಾನಿಯಿಂದ ಜನ ಬರುತ್ತಿದ್ದರು. ನಮ್ಮಲ್ಲಿ ಸೋದರಳಿಯ ತಾಯಿಯ ತವರಿನಲ್ಲಿ ಮೂರು ಸಲ ಏನು ಬೇಕಾದರೂ ಕೇಳಬಹುದು, ಮಾವಂದಿರು ಇಲ್ಲ ಎನ್ನುವಂತಿಲ್ಲ. ಅದಕ್ಕೇ ಹಿರಿಯರು ಹೇಳಿದ್ದು, ಸೋದರಳಿಯ ಬರುವುದಕ್ಕಿಂತ ಏಳು ತೋಳ ಬರಲಿ ಎಂದು. ತಾಲಾಯ್ ಮೊದಲ ಸಲ ಶಾರ್ಶೆನ್‌ನ ಬೆಳ್ಳಿ ಕಟ್ಟಿನ ಜೀನು ಕೇಳಿದ್ದ. ಎರಡನೆಯ ಸಲ ಮೋಟಾರ್ ಸೈಕಲ್.

"ಹೆಂಗಿದೀರಿ ಮಾವ? ಕೊಪ್ಪರಿಗೆ ತಂದಿದೀನಿ, ಚೂರಿ ತಂದಿದೀನಿ," ಎಂದು ತಾಲಾಯ್ ಅವನನ್ನು ಅಪ್ಪಿಕೊಂಡ. "ಹೆದರ್ಬೇಡಿ, ಮೂರನೇದು ಇವತ್ತು ಕೇಳಲ್ಲ. ಅತ್ತೆ, ಒಳಗೆ ಕೌದಿ ಹೊದ್ದು ಯಾರು ನಿಂತಿರೋದು?"

"ನಮ್ಮಮ್ಮ," ಎಂದಳು ಅನಿಪಾ. "ಚಳಿ ಆಗಿದೆ."

ಶಾರ್ಶೆನ್ ಹಿರಿಯರ ಮುಂದೆ ಹೋಗಿ ಮಾತ್ರೆಯ ವಿಷಯ ಹೇಳಲು ಮನಸ್ಸಿನಲ್ಲೇ ಮಾತು ಜೋಡಿಸುತ್ತಿದ್ದ. ಜೋಡಿಸಿ ಮುಗಿಯಲಿಲ್ಲ. ಗೂಟದ ಕಡೆಯಿಂದ ಟಪಟಪ ಸದ್ದು ಬಂತು. ಜೀರ್ದೆ ಮುಂಗಾಲಿನಿಂದ ನೆಲ ಕೆರೆಯುತ್ತಿತ್ತು. ಅದರ ಪಕ್ಕೆಗಳು ತಣ್ಣನೆಯ ಗಾಳಿಯಲ್ಲೂ ಬೆವರಿ ಹೊಳೆಯುತ್ತಿದ್ದವು. ಕಣ್ಣಿನ ಬಿಳಿ ಕಾಣುತ್ತಿತ್ತು. ತಿರುಗಿ ತಿರುಗಿ ತನ್ನ ಹೊಟ್ಟೆಯನ್ನೇ ನೋಡಿಕೊಳ್ಳುತ್ತಿತ್ತು, ಅಲ್ಲಿ ಯಾರೋ ಕೂತು ಕರೆದ ಹಾಗೆ.

"ಕೊಯ್ಯೋದು ಗೊತ್ತಾಗಿದೆ ಅದಕ್ಕೆ," ಎಂದ ಬೈಶೆನ್.

"ಕಣ್ಣು ತಾಗಿದೆ. ಹೊಗೆ ಹಾಕಿ," ಎಂದಳು ಒಬ್ಬ ಮುದುಕಿ.

ಜೋಲ್ಚು ಬೇಲಿ ಹಾರಿಯೇ ಬಂದ. "ಹೊಟ್ಟೆ ಉಬ್ಬರ ಕಣ್ರೋ. ಅರ್ಧ ಲೀಟರ್ ವೋಡ್ಕಾ ಹುಯ್ಯಿರಿ. ನಮ್ಮಪ್ಪ ಹಂಗೇ ಮಾಡ್ತಿದ್ದ."

"ಕುದುರೆಗಾ?"

"ತನಗೇ. ಆದ್ರೂ ಗುಣ ಆಗ್ತಿತ್ತು."

ಹೊಗೆ ಹಾಕಿದರು. ಸುಡುವ ಜುನಿಪರ್ ಸೊಪ್ಪನ್ನು ಮುದುಕಿ ಕುದುರೆಯ ಮೂಗಿನ ಕೆಳಗೆ ಹಿಡಿದಳು. ಜೀರ್ದೆ ಒಮ್ಮೆ ಸೀನಿತು. ಮುಂಗಾಲೆತ್ತಿ ನಿಂತಿತು. ಗೂಟವನ್ನು ಹಗ್ಗದ ಸಮೇತ ನೆಲದಿಂದ ಕಿತ್ತುಕೊಂಡು ಹೊರಟಿತು.

ಮೊದಲು ಚಹಾದ ನೀರು ಕಾಯುವ ಸಮೋವಾರ್ ಬಿತ್ತು. ಆಮೇಲೆ ಹೆಂಗಸರು ಬೆಳಗಿನಿಂದ ಕರಿದು ರಾಶಿ ಹಾಕಿದ್ದ ಹಿಟ್ಟಿನ ಉಂಡೆಗಳು ಅಂಗಳದ ತುಂಬ ಆಲಿಕಲ್ಲಿನಂತೆ ಉರುಳಿದವು. ನಾಳಿನ ಅತಿಥಿಗಳಿಗೆ ಎಬ್ಬಿಸಿದ್ದ ಬಿಳಿ ಗುಡಾರದ ಒಂದು ಬಾಗಿಲಿನಿಂದ ಜೀರ್ದೆ ಒಳಹೊಕ್ಕಿತು. ಗುಡಾರಕ್ಕೆ ಇರುವುದು ಒಂದೇ ಬಾಗಿಲು. ಆದರೂ ಅದು ಇನ್ನೊಂದು ಕಡೆಯಿಂದ ಹೊರಬಂತು. ಹಿಂದೆ ಎಳೆದುಕೊಂಡು ಹೋಗುತ್ತಿದ್ದ ಗೂಟ ಬೈಶೆನ್‌ನ ಒಂದೇ ಒಂದು ಒಣ ಬೂಟಿಗೆ ಬಡಿದು ಅವನನ್ನು ಹಿಟ್ಟಿನ ಉಂಡೆಗಳ ಮೇಲೆ ಕೂರಿಸಿತು.

"ಹಿಡೀರೋ! ಅಪ್ಪನ ಮರ್ಯಾದೆ ಓಡ್ತಾ ಇದೆ!" ಎಂದು ಅವನು ಕುಳಿತಲ್ಲಿಂದಲೇ ಕಿರುಚಿದ.

ಇಡೀ ಊರು ಬೆನ್ನಟ್ಟಿತು. ಎಲ್ಲರಿಗಿಂತ ಮುಂದೆ ಶಾರ್ಶೆನ್. ಹತ್ತೊಂಬತ್ತು ವರ್ಷದ ಕುದುರೆ, ಗಾಳಿಯನ್ನೇ ಕಡಿಯುವಂತೆ ಓಡುತ್ತಿತ್ತು. ಪೋಪ್ಲರ್ ಮರದ ಕೆಳಗೆ ಮೈ ನಡುಗಿಸುತ್ತ ಒಂದು ಗಳಿಗೆ ನಿಂತಿತು. ಜನ ಹತ್ತಿರ ಬರುವುದರೊಳಗೆ ಮತ್ತೆ ಓಡಿತು. ಚಹಾದಂಗಡಿಯ ಮುಂದೆ ಗಕ್ಕನೆ ನಿಂತಿತು. ಅಂಗಡಿಯವನು ಹಳೆಯ ಅಭ್ಯಾಸದಿಂದ, ಬೈಗುಳ ತಪ್ಪಿಸಿಕೊಳ್ಳಲು, ಮೇಜಿನ ಕೆಳಗೆ ಬಗ್ಗಿದ. ಮುಂದೆ ಎಲ್ಲಿಗೆ ಹೋಗುತ್ತದೆಂದು ಶಾರ್ಶೆನ್‌ಗೆ ಗೊತ್ತಿತ್ತು.

"ಅಲ್ಲಿಗೆ ಬೇಡ! ಜೀರ್ದೆ, ಅಲ್ಲಿಗೆ ಬೇಡ ಕಣೋ!" ಎಂದು ಏದುಸಿರಲ್ಲಿ ಕೂಗಿದ.

ಜೀರ್ದೆ ಹಳ್ಳ ದಾಟಿತು. ಜುರಾಕಾನ್‌ಳ ಹಸಿರು ಗೇಟಿನ ಮುಂದೆ ನಿಂತಿತು. ಹಣೆಯಿಂದ ಗೇಟನ್ನು ಎರಡು ಸಲ ತಟ್ಟಿತು. ನಡುಗುತ್ತಿತ್ತು, ಬೆವರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಆದರೂ ಅಲ್ಲಾಡಲಿಲ್ಲ.

ಗೇಟು ತೆರೆಯಿತು. ಅರವತ್ತು ದಾಟಿದ ಜುರಾಕಾನ್ ಸೆರಗಿನಲ್ಲಿ ರೊಟ್ಟಿಯ ತುಂಡು ಹಿಡಿದು ಬಂದಳು. ಅವಳು ಜನರನ್ನು ನೋಡಲಿಲ್ಲ.

"ಯಾಕೋ ಇಷ್ಟೊಂದು ಬೆವರಿದೀಯ?" ಎಂದು ಕುದುರೆಯ ಕತ್ತರಿಸಿದ ಕೂದಲಿನ ಮೇಲೆ ಕೈಯಿಟ್ಟಳು. "ಅವರು ಇನ್ನು ಬರಲ್ಲ ಕಣೋ. ನೀನೊಬ್ನೇ ಯಾಕೆ ಬಂದೆ?"

ನೂರು ಜನ ನಿಂತಿದ್ದರು. ಬೈಶೆನ್‌ನ ಮುಖ ಬೀಟ್‌ರೂಟಿನಂತಾಯಿತು.

"ಕುದುರೆ ದಾರಿ ತಪ್ಪಿದೆ," ಎಂದ ಅವನು ಗಟ್ಟಿಯಾಗಿ.

"ಇಲ್ಲ ಬೈಶೆನ್," ಎಂದ ಜೋಲ್ಚು. "ದಾರಿ ಬಾಯಿಪಾಠ ಇದೆ ಅದಕ್ಕೆ."

ಆಗ ಬುರುಲ್ ತನ್ನ ಹಳೆಯ ಜೀಪಿನಲ್ಲಿ ಬಂದಳು. ಕುದುರೆಯ ಪಕ್ಕೆಗೆ ಸ್ಟೆತೊಸ್ಕೋಪು ಇಟ್ಟು ಆಲಿಸಿದಳು, ಎದೆಬಡಿತ ಎಣಿಸಿದಳು, ಒಸಡು ಒತ್ತಿ ನೋಡಿದಳು. ಅವಳ ಹುಬ್ಬು ಗಂಟಾಯಿತು.

"ಏನು ಹಾಕಿದ್ರಿ ಇದಕ್ಕೆ?"

"ಬರೀ ಹೊಗೆ," ಎಂದಳು ಮುದುಕಿ.

"ವೋಡ್ಕಾ ಹಾಕೋಕೆ ಬಿಡ್ಲಿಲ್ಲ," ಎಂದ ಜೋಲ್ಚು.

ಶಾರ್ಶೆನ್ ಮುಂದೆ ಬಂದ. ಟೋಪಿ ಕೈಯಲ್ಲಿತ್ತು. "ಅಕ್ಕ, ನಾನು... ನಾಯಿ ಮಾತ್ರೆ..."

"ಎಷ್ಟು?"

"ಎಲ್ಲಾ."

ಮೊದಲು ಒಬ್ಬ ನಕ್ಕ. ಆಮೇಲೆ ಹಳ್ಳದ ಎರಡೂ ದಡ ನಕ್ಕವು. "ಕುದುರೆಗೆ ವಾಂತಿ ನಿಲ್ಸೋ ಮಾತ್ರೆ! ಮೀನಿಗೆ ಕೊಡೆ ಕೊಡೋದೊಂದು ಬಾಕಿ ಇದೆ!"

"ಬಾಯಿ ಮುಚ್ಚಿ!" ಎಂದು ಬುರುಲ್ ಗರ್ಜಿಸಿದಳು. ನಗು ನಿಂತಿತು. "ಕುದುರೆ ಕಕ್ಕಲ್ಲ ಅಂದ್ರೆ ಏನರ್ಥ ಗೊತ್ತಾ? ಒಳಗೆ ಹೋಗಿದ್ದು ಮೇಲೆ ಬರೋಕೆ ದಾರಿನೇ ಇಲ್ಲ. ನಾಯಿ ಕೆಟ್ಟದ್ದು ತಿಂದ್ರೆ ಕಕ್ಕಿ ಬದುಕುತ್ತೆ. ಕುದುರೆ ಹೊಟ್ಟೆ ಒಡೆದು ಸಾಯುತ್ತೆ. ಈ ಮಾತ್ರೆ ನಾಯಿಗೆ ವಾಂತಿ ನಿಲ್ಸಿದ್ರೆ ಕುದುರೆಗೆ ಕರುಳು ಹಿಂಡುತ್ತೆ, ತಲೆ ಕೆಡ್ಸುತ್ತೆ. ಕಕ್ಕಲ್ವಲ್ಲ, ಏನೂ ಆಗಲ್ಲ ಅಂದ್ಕೊಂಡೆಯಾ?"

"ಹೌದು ಅಕ್ಕ."

"ಯಾಕೋ ಹಾಕ್ದೆ?"

ಶಾರ್ಶೆನ್ ಟೋಪಿಯನ್ನು ಹಿಂಡಿದ. "ನೀವೇ ಹೇಳಿದ್ರಲ್ಲ. ಔಷಧಿ ಹೋದ ಪ್ರಾಣಿನ ಕೊಯ್ಯಬಾರದು ಅಂತ."

ಈ ಸಲ ಯಾರೂ ನಗಲಿಲ್ಲ. ಬುರುಲ್ ಮುಖ ತಿರುಗಿಸಿ ಚೀಲ ತೆರೆದಳು.

ಮೂಗಿನಿಂದ ಹೊಟ್ಟೆಗೆ ಉದ್ದನೆಯ ರಬ್ಬರ್ ಕೊಳವೆ ಇಳಿಸಿದಳು. ಕುದುರೆ ತಾನು ಕಕ್ಕಲಾರದ್ದನ್ನು ಅವಳು ಬಕೆಟ್ಟಿಗೆ ಇಳಿಸಿದಳು. ಒಂದು ಸೂಜಿ ಚುಚ್ಚಿದಳು. "ಇನ್ನು ನಡೆಸು. ನಿಧಾನಕ್ಕೆ. ಬಿದ್ದು ಹೊರಳೋಕೆ ಬಿಡ್ಬೇಡ. ಹುಲ್ಲು ಬೇಡ. ಲದ್ದಿ ಹಾಕೋವರೆಗೂ ಬಿಡ್ಬೇಡ. ಲದ್ದಿ ಹಾಕಿದ್ರೆ ಬದುಕ್ತು."

ಜೀಪಿನ ಮೂತಿಯ ಮೇಲೆ ಕಾಗದವಿಟ್ಟು ಬರೆದಳು. ಬೈಶೆನ್ ಅದನ್ನು ಓದಿದ. "ಎರಡು ತಿಂಗಳಾ? ನಾಳೆ ಊಟ ಇದೆ!"

"ಈ ಮಾತ್ರೆಗೆ ಕುದುರೆ ಲೆಕ್ಕ ಯಾವ ಪುಸ್ತಕದಲ್ಲೂ ಇಲ್ಲ. ಗೊತ್ತಿಲ್ಲದ ಕಡೆ ನಾನು ಜಾಸ್ತಿನೇ ಬರೀತೀನಿ. ನಾಲ್ಕು ಊರಿನ ಜನಕ್ಕೆ ಬಡಿಸಿ ನಾನು ಜೈಲಿಗೆ ಹೋಗ್ಲಾ?"

ಶಾರ್ಶೆನ್ ಮುಖ ಬಗ್ಗಿಸಿದ. ಸಂತೋಷ ಕಂಡುಬಿಟ್ಟೀತು ಎಂಬ ಹೆದರಿಕೆ.

ಹಿರಿಯರು ಜುರಾಕಾನ್‌ಳ ಗೋಡೆಯ ನೆರಳಲ್ಲೇ ಕೂತು ತೀರ್ಮಾನಿಸಿದರು. ಊಟಕ್ಕೆ ಕುದುರೆ ಬೇಕೇ ಬೇಕು. ಯಾರ ಕುದುರೆ? ಎಲ್ಲರೂ ಆಕಾಶ ನೋಡಿದರು. ಜೋಲ್ಚುವಿನ ಕುದುರೆ ಗಬ್ಬವಾಗಿತ್ತು, ಅದು ಗಂಡು ಕುದುರೆಯೆಂದು ಯಾರೋ ನೆನಪಿಸುವವರೆಗೆ. ಬೈಶೆನ್‌ನ ಕುದುರೆ ಆ ಗಳಿಗೆಯಿಂದ ಕುಂಟತೊಡಗಿತು.

"ನಿನ್ನ ಕೈಯಿಂದ ಕೆಟ್ಟಿದ್ದು," ಎಂದ ಬೈಶೆನ್ ತಮ್ಮನಿಗೆ. "ನಿನ್ನ ಕೊಟ್ಟಿಗೆಯಿಂದಲೇ ಹೋಗ್ಲಿ. ಬೋಜ್‌ನ ಕೊಡು."

ಬೋಜ್ ಶಾರ್ಶೆನ್‌ನ ಬೂದು ಬಣ್ಣದ ಹೆಣ್ಣು ಕುದುರೆ. ಏಳು ವರ್ಷದ್ದು. ಅದರ ಮೇಲೆ ಕೂತೇ ಅವನು ಊರಿನ ಕುರಿ ಕಾಯುತ್ತಿದ್ದದ್ದು. ಅವನ ಲೆಕ್ಕದಲ್ಲಿ ಇದು ಇರಲಿಲ್ಲ. ಅವನ ಯಾವ ಲೆಕ್ಕದಲ್ಲೂ ಕೊನೆಯ ಸಾಲು ಇರುತ್ತಿರಲಿಲ್ಲ.

ಅವನು ಜೀರ್ದೆಯ ಕಡೆ ನೋಡಿದ. ಅದು ತಲೆ ಇಳಿಬಿಟ್ಟು ನಿಂತಿತ್ತು.

"ತಗೊಳ್ಳಿ," ಎಂದ.

ಮಧ್ಯಾಹ್ನವೆಲ್ಲ ಅವನು ಮನೆಯ ಮುಂದಿನ ಬಯಲಿನಲ್ಲಿ ಜೀರ್ದೆಯನ್ನು ಸುತ್ತು ಹಾಕಿಸಿದ. ಗೋಡೆಯಾಚೆ ಹಿರಿಯರು ಅಂಗೈ ಚಾಚಿ ಪ್ರಾರ್ಥನೆ ಹೇಳುವುದು ಕೇಳಿತು. ಬೋಜ್ ಒಂದು ಸಲ ಹೇಷಾರವ ಮಾಡಿತು. ಜೀರ್ದೆ ಕಿವಿ ನಿಮಿರಿಸಿತು. ಆಮೇಲೆ ಯಾವ ಸದ್ದೂ ಬರಲಿಲ್ಲ. ಶಾರ್ಶೆನ್ ನಡೆಯುತ್ತಲೇ ಇದ್ದ.

"ಬರೀ ಒಂದು ಲದ್ದಿ ಹಾಕೋ ಮಾರಾಯ," ಎಂದು ಕುದುರೆಯ ಕಿವಿಯಲ್ಲಿ ಬೇಡಿಕೊಂಡ. "ನನಗೆ ಬೇರೇನೂ ಬೇಡ."

ಬಿಸಿಲು ಇಳಿಯುವ ಹೊತ್ತಿಗೆ ಜೀರ್ದೆ ಬಾಲದ ಮೋಟನ್ನು ಎತ್ತಿತು. ಶಾರ್ಶೆನ್ ಅಲ್ಲೇ ಕುಕ್ಕರಿಸಿ ಕೂತು ಅತ್ತ. ನಲವತ್ತು ಸಂತರ ಹೆಸರಲ್ಲಿ ಪ್ರಾರ್ಥನೆ ಮಾಡಿದವರುಂಟು, ನಮ್ಮೂರಲ್ಲಿ ಲದ್ದಿಯ ಮುಂದೆ ಕೂತು ದೇವರಿಗೆ ಕೃತಜ್ಞತೆ ಹೇಳಿದವನು ಅವನೊಬ್ಬನೇ.

ಅಂಗಳಕ್ಕೆ ಬಂದಾಗ ಎಲ್ಲರೂ ಚಹಾ ಕುಡಿಯುತ್ತಿದ್ದರು. ನಾಯಿಯನ್ನು ನೋಡಲು ಬುರುಲ್ ಮತ್ತೆ ಬಂದಿದ್ದಳು. ಅವಳು ಮುಟ್ಟುವ ಮೊದಲೇ ಅಕ್ತೋಶ್ ನಾಲ್ಕು ಕಾಲನ್ನೂ ಅಗಲಿಸಿ, ಬೆನ್ನು ಬಿಲ್ಲಿನಂತೆ ಬಾಗಿಸಿ, ಕೆಮ್ಮಿ, ಮೊಳದುದ್ದದ ಏನನ್ನೋ ಕಂಬಳಿಯ ಮೇಲೆ ಕಕ್ಕಿತು. ಕಕ್ಕಿ ಬಾಲ ಅಲ್ಲಾಡಿಸಿತು.

ಬುರುಲ್ ಕಡ್ಡಿಯಿಂದ ಎತ್ತಿ ನೋಡಿದಳು. ಹೆಣೆದ ತೊಗಲು. ಅಪ್ಪನ ಚಾಟಿಯ ಎಳೆ.

"ಇಲಿ ಸಿಕ್ತು," ಎಂದ ಜೋಲ್ಚು ಬೇಲಿಯ ಮೇಲಿಂದ.

"ಶಾರ್ಶೆನ್," ಎಂದಳು ಬುರುಲ್ ಮೆಲ್ಲಗೆ, "ನೀನು ನನ್ನ ಮಾತು ಮೀರಿ ಬೆಳಿಗ್ಗೆನೇ ಆ ಮಾತ್ರೆ ನಾಯಿಗೆ ಕೊಟ್ಟಿದ್ರೆ ಕಕ್ಕೋದು ನಿಲ್ತಿತ್ತು. ಎಲ್ಲರೂ ಗುಣ ಆಯ್ತು ಅಂದ್ಕೊಳ್ತಿದ್ರಿ. ಇದು ಒಳಗೇ ಕರುಳಿಗೆ ಸುತ್ಕೊಂಡು ನಾಯಿ ಸಾಯ್ತಿತ್ತು. ಕುದುರೆಗೆ ಕೊಟ್ಟು ನಾಯಿ ಉಳಿಸಿದ ಮೂರ್ಖ ನೀನೊಬ್ನೇ."

ಅದು ಹೊಗಳಿಕೆಯೋ ಬೈಗುಳವೋ ತಿಳಿಯದೆ ಶಾರ್ಶೆನ್ ತಲೆಯಾಡಿಸಿದ. ಚಾಟಿಯ ಎಳೆಯನ್ನು ಎರಡು ನೀರಿನಲ್ಲಿ ತೊಳೆದು, ಹಿಡಿಗೆ ಬಿಗಿದು ಅಣ್ಣನ ಮುಂದೆ ಇಟ್ಟ.

ಬೈಶೆನ್ ಅದನ್ನು ಎತ್ತಿಕೊಂಡ. ಕೂಗಿ ಕೂಗಿ ಅವನ ದನಿ ಬಿದ್ದಿತ್ತು. ಜುರಾಕಾನ್‌ಳ ಗೇಟು ಇನ್ನೂ ಅವನ ಕಣ್ಣ ಮುಂದೆ ಇದ್ದಂತಿತ್ತು. "ಆ ಕುದುರೆ ಪ್ರತಿದಿನಾ ಅಲ್ಲಿ ನಿಲ್ತಿತ್ತಾ?" ಎಂದು ಪಿಸುಗುಟ್ಟಿದ.

"ಪ್ರತಿದಿನಾ ಅಣ್ಣ."

"ನೀನು ಯಾರಿಗೂ ಹೇಳ್ಲಿಲ್ಲ."

"ಕುದುರೆನೂ ಹೇಳಿರ್ಲಿಲ್ಲ ಅಣ್ಣ, ಇವತ್ತಿನ ತನಕ."

ಬೈಶೆನ್ ಮೂಗೊರೆಸಿಕೊಂಡು ಎದ್ದು ನಿಂತ. ಹಿರಿಯರೆಲ್ಲ ಕೇಳುವಂತೆ ಹೇಳಿದ: "ವರ್ಷ ಮುಗೀತು. ದುಃಖ ಇಳಿಸೋ ಹೊತ್ತು. ಅಪ್ಪನ ಕುದುರೆ ಉಳ್ಕೊಂಡಿದೆ, ದೇವರ ಇಚ್ಛೆ. ನಾಳೆ ಜೀನಿನ ಮೇಲೆ ಚಾಟಿ ಇಡೋದು ಆದ್ಮೇಲೆ ಅದೂ ನಿನಗೇ, ಕುದುರೆನೂ ನಿನಗೇ. ಇನ್ನು ಅದ್ರಲ್ಲಿ ನನಗಾಗ್ಲಿ ಬೇರೆಯವರಿಗಾಗ್ಲಿ ಪಾಲಿಲ್ಲ. ನಿನ್ನೊಬ್ಬನ ಸ್ವತ್ತು." ಚಾಟಿಯನ್ನು ತಮ್ಮನ ಕೈಗಿಟ್ಟ. ಹಿರಿಯರು ಅಂಗೈ ಚಾಚಿ, ಮುಖ ಸವರಿಕೊಂಡು ಆಶೀರ್ವದಿಸಿದರು.

ಐವತ್ತು ವರ್ಷದಲ್ಲಿ ಆ ಮನೆಯಲ್ಲಿ ಶಾರ್ಶೆನ್ ಒಬ್ಬನಿಗೇ ಎಂದು ಯಾರಾದರೂ ಏನಾದರೂ ಕೊಟ್ಟದ್ದು ಅದೇ ಮೊದಲು.

ತಾಲಾಯ್ ಗಂಟಲು ಸರಿಮಾಡಿಕೊಂಡ.

"ದೊಡ್ಮಾವ, ಸರಿಯಾಗಿ ಕೇಳಿಸ್ಕೊಂಡೆ ತಾನೇ? ಕುದುರೆ ಚಿಕ್ಕಮಾವನೊಬ್ಬರದ್ದೇ?"

"ಅವನದ್ದೇ. ಈಗ ತಾನೇ ಹೇಳ್ದೆನಲ್ಲ."

"ಹಂಗಾದ್ರೆ ಸರಿ. ಇಬ್ಬರು ಮಾವಂದಿರ ನಡುವಿನ ಸ್ವತ್ತು ಕೇಳೋಕೆ ಬರಲ್ಲ. ಒಬ್ಬರದ್ದಾದ್ರೆ ಬರುತ್ತೆ." ತಾಲಾಯ್ ಎದ್ದು ಬಂದು ಶಾರ್ಶೆನ್‌ನ ಮುಂದೆ ವಿನಯದಿಂದ ಎದೆಯ ಮೇಲೆ ಕೈಯಿಟ್ಟ. "ಮಾವ, ನನ್ನ ಮೂರನೇದು ಕೇಳ್ತಾ ಇದೀನಿ. ಜೀರ್ದೆ."

ಅನಿಪಾ ಒಳಗೆ ಹೋಗಿ ಬಟ್ಟೆ ಒಗೆಯುವ ಯಂತ್ರದ ಮೇಲಿನ ಕೌದಿ ತೆಗೆದಳು.

"ಅದು ಮುದಿ ಕುದುರೆ ಕಣೋ," ಎಂದ ಶಾರ್ಶೆನ್. ದನಿ ಅವನದ್ದಾಗಿರಲಿಲ್ಲ. "ಬಟ್ಟೆ ಒಗೆಯೋ ಯಂತ್ರ ಇದೆ. ಹೊಸದು. ಅದು ತಗೋ."

"ಯಂತ್ರ ತಗೊಂಡು ಏನ್ಮಾಡ್ಲಿ ಮಾವ?" ತಾಲಾಯ್ ಜೀರ್ದೆಯ ಬಳಿ ಹೋಗಿ ಪಕ್ಕೆಯ ಮೇಲೆ ನಾಲ್ಕು ಬೆರಳಿಟ್ಟು ಒತ್ತಿ ನೋಡಿದ. ಪಶುವೈದ್ಯೆ ಒತ್ತಿದ ಜಾಗವೇ, ಕೈ ಮಾತ್ರ ಬೇರೆ. "ವರ್ಷವಿಡೀ ಕೆಲಸ ಇಲ್ದೆ ಚೆನ್ನಾಗಿ ತಿಂದಿದೆ. ಎಷ್ಟು ಪ್ರೀತಿಯಿಂದ ಸಾಕಿದೀರಿ! ಇವತ್ತು ಓಡಿದ್ದು ನೋಡಿ, ಮಾಂಸ ಇನ್ನೂ ಗಟ್ಟಿ ಇದೆ. ಬುರುಲಕ್ಕ, ಕಾಗದದಲ್ಲಿ ಎಷ್ಟು ಬರೆದ್ರಿ?"

"ಎರಡು ತಿಂಗಳು," ಎಂದಳು ಬುರುಲ್. ಚಹಾ ಬಟ್ಟಲಿನೊಳಗೆ ನೋಡುತ್ತ ಹೇಳಿದಳು.

ತಾಲಾಯ್ ಬೆರಳು ಮಡಚಿ ಎಣಿಸಿದ. "ಡಿಸೆಂಬರ್ ಮೊದಲ ವಾರ. ಹಿಮ ಬಿದ್ದಿರುತ್ತೆ, ಚಳಿಗಾಲದ ಮಾಂಸಕ್ಕೆ ಎಲ್ಲರೂ ಕೊಯ್ಯೋ ಹೊತ್ತು. ಎರಡು ತಿಂಗಳು ಜೋಳ ಹಾಕಿದ್ರೆ ಇನ್ನೆರಡು ಬೆರಳು ಕೊಬ್ಬು ಏರುತ್ತೆ. ಆತುರ ಏನಿಲ್ಲ ನನಗೆ."

ಶಾರ್ಶೆನ್ ಹಿರಿಯರನ್ನು ನೋಡಿದ. ಹಿರಿಯರು ಆಕಾಶ ನೋಡಿದರು. ಬೈಶೆನ್ ತನ್ನ ಬೂಟು ನೋಡಿಕೊಂಡ. ಪದ್ಧತಿ ಪದ್ಧತಿಯೇ. ಇಲ್ಲ ಎಂದವನ ಮನೆಗೆ ನಾಳೆ ನಾಲ್ಕು ಊರು ಬರುವುದಿತ್ತು.

"ನಾಳೆ ಊಟ ಆದ್ಮೇಲೆ ಲಾರಿಗೆ ಹತ್ತಿಸ್ಕೋತೀನಿ," ಎಂದ ತಾಲಾಯ್. ಶಾರ್ಶೆನ್ ಏನೂ ತಿಳಿಯದೆ ಕೈಯಲ್ಲಿದ್ದ ಚಾಟಿಯನ್ನೇ ಮುಂದೆ ಚಾಚಿದ. ತಾಲಾಯ್ ಮೃದುವಾಗಿ ಅದನ್ನು ಹಿಂದಕ್ಕೆ ಸರಿಸಿದ. "ಬೇಡ ಮಾವ, ಅದು ಅಜ್ಜನದು. ಚಾಟಿ ನೀವೇ ಇಟ್ಕೊಳ್ಳಿ. ಲಾರಿಗೆ ಚಾಟಿ ಬೇಡ."

ಕೊಪ್ಪರಿಗೆಯಲ್ಲಿ ಬೋಜ್ ಕುದಿಯತೊಡಗಿತ್ತು. ಶಾರ್ಶೆನ್ ಚಾಟಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಎಂದಿನಂತೆ, ಜೀರ್ದೆಯನ್ನು ನೀರು ಕುಡಿಸಲು ಹೊಳೆಯ ಕಡೆ ನಡೆಸಿದ. ಅಕ್ತೋಶ್ ಹಸಿದ ಹೊಟ್ಟೆಯಲ್ಲಿ ಹಗುರಾಗಿ ಹಿಂದೆ ಬಂತು. ಪೋಪ್ಲರ್ ಮರದ ಕೆಳಗೆ ಜೀರ್ದೆ ತಾನಾಗಿಯೇ ನಿಂತಿತು. ಒಂದು ಸಿಗರೇಟು ಮುಗಿಯುವಷ್ಟು ಹೊತ್ತು ಕಾಯಿತು. ಆಮೇಲೆ ಮುಂದಕ್ಕೆ ಹೆಜ್ಜೆಯಿಟ್ಟಿತು.

ಶಾರ್ಶೆನ್ ಹಗ್ಗ ಬಿಗಿಹಿಡಿದ. ಅವನು ಬದುಕಿನಲ್ಲಿ ಎಂದೂ ಸಿಗರೇಟು ಸೇದಿದವನಲ್ಲ.

"ನಿಲ್ಲೋ," ಎಂದ. "ಇನ್ನೊಂದು ಸೇದ್ಬಿಟ್ಟು ಹೋಗೋಣ."